ಹಡಗಿನ ಮೇಲೆ ಡಾಲರ್ ಲೆಕ್ಕ

ಸಿಂಗಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗು ಹತ್ತಿದ ಮೇಲೆ ಪರ್ಸಿಗೆ ಕೆಲಸವಿಲ್ಲ. ಕೋಣೆಯ ಕಾರ್ಡು ತೋರಿಸಿದರೆ ವೈಫೈ, ಫೋಟೊ, ಪಾನೀಯ ಎಲ್ಲ ಖಾತೆಗೆ ಬೀಳುತ್ತದೆ. ಆ ಖಾತೆ ಸಿಂಗಪುರ ಡಾಲರಿನಲ್ಲಲ್ಲ, ಅಮೆರಿಕನ್ ಡಾಲರಿನಲ್ಲಿ! ಸಿಬ್ಬಂದಿಯ ಟಿಪ್ಸೂ ತಲೆಗಿಷ್ಟು, ದಿನಕ್ಕಿಷ್ಟು ಎಂದು ತಾನಾಗಿ ಸೇರುತ್ತದೆ. ಮಕ್ಕಳ ತಲೆಯೂ ತಲೆಯೇ. ದಿನಕ್ಕೆ 18 ಡಾಲರ್ ಎಂದು ಹಿಡಿದರೆ, ನಾಲ್ವರಿಗೆ ನಾಲ್ಕು ರಾತ್ರಿಗೆ 288 ಡಾಲರ್. ಟಿಕೆಟ್ಟಿನ ಜೊತೆಗೇ ಕಟ್ಟಿಬಿಡಿ, ಕೊನೆಗೆ ಎದೆ ಧಸಕ್ಕೆನ್ನದು.

ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ. 3.5 ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಹೊರಡುವ ಮೊದಲೇ ಬ್ಯಾಂಕಿಗೆ ಕೇಳಿಕೊಳ್ಳಿ. ದಡದ ಅಂಗಡಿಯಲ್ಲಿ ಮೆಷಿನ್ನು ‘ರೂಪಾಯಿಯಲ್ಲಿ ಕೊಡುವಿರಾ?’ ಎಂದು ಕೇಳಿದರೆ ಮರುಳಾಗಬೇಡಿ, ಆ ದರ ಸಾಮಾನ್ಯವಾಗಿ ದುಬಾರಿ. ಆ ಊರಿನ ಹಣವನ್ನೇ ಆರಿಸಿ. ಬಿಲ್ಲಿನಲ್ಲಿ ತಪ್ಪಿದ್ದರೆ ಇಳಿಯುವ ಹಿಂದಿನ ರಾತ್ರಿಯೇ ಕೌಂಟರಿನಲ್ಲಿ ಕೇಳಿ. ಬೆಳಿಗ್ಗೆ ಅಲ್ಲಿ ಉದ್ದದ ಸಾಲು.