ತ್ಯಾಜ್ಯದ ಹೊಣೆ ಮತ್ತು ನಮ್ಮ ವಿದ್ಯಾರ್ಥಿಗಳು

(ಶಿವಮೊಗ್ಗ ಮತ್ತು ಭದ್ರಾವತಿಯ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿವಮೊಗ್ಗವನ್ನು ತುಂಗೆಯೂ ಭದ್ರಾವತಿಯನ್ನು ಭದ್ರೆಯೂ ಹಾದು ಹೋಗುತ್ತವೆ. ಎರಡೂ ನದಿಗಳು ಕೂಡಲಿಯಲ್ಲಿ ಸಂಗಮಿಸಿ, ತುಂಗಭದ್ರೆಯಾಗಿ ಹರಿಹರ, ಹಂಪಿಗಳನ್ನು ದಾಟಿ ಕೃಷ್ಣೆಯನ್ನು ಸೇರುತ್ತವೆ. ನಾವು ಚರಂಡಿಗೆ ಎಸೆದ ಪ್ಲಾಸ್ಟಿಕ್ ಚೀಲವು ಮಳೆಗಾಲದಲ್ಲಿ ನದಿಯನ್ನು ಸೇರಿದಾಗ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಆದರೆ ಅದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ. 2024ರ ನವೆಂಬರ್‌ನಲ್ಲಿ ತುಂಗಭದ್ರೆಯ ಶುದ್ಧೀಕರಣಕ್ಕಾಗಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಿತು. ನದಿಯ ಸ್ಥಿತಿ ಜನರನ್ನು ಮೈಲುಗಟ್ಟಲೆ ನಡೆಯುವಂತೆ ಮಾಡಿದೆ ಎಂದ ಮೇಲೆ, ಅದರ ದಡದಲ್ಲೇ ವಾಸಿಸುವ ನಾವು ಸುಮ್ಮನಿರುವುದು ಸರಿಯೇ? ನೆರೆಯವರ ಹಕ್ಕುಗಳ ಬಗ್ಗೆ ಇಸ್ಲಾಮ್ ಎಷ್ಟು ಒತ್ತು ನೀಡಿದೆ ಎಂಬುದು ನಮಗೆಲ್ಲ ತಿಳಿದಿದೆ. ಗೋಡೆಗೆ ಗೋಡೆ ತಾಗಿಸಿಕೊಂಡವನು ಮಾತ್ರ ನೆರೆಯವನಲ್ಲ. ನಮ್ಮ ನೀರನ್ನೇ ಮುಂದೆ ಕುಡಿಯುವವನೂ ನಮ್ಮ ನೆರೆಯವನೇ.

ಊರುಗಳ ನಡುವೆ ನಡೆಯುವ ಈ ಅನ್ಯಾಯವೇ ರಾಷ್ಟ್ರಗಳ ನಡುವೆಯೂ ನಡೆಯುತ್ತಿದೆ. ಶ್ರೀಮಂತ ರಾಷ್ಟ್ರಗಳು ತಮ್ಮ ವಿಷಕಾರಿ ತ್ಯಾಜ್ಯವನ್ನು ಹಡಗುಗಳಲ್ಲಿ ತುಂಬಿ ಬಡ ರಾಷ್ಟ್ರಗಳ ತೀರಕ್ಕೆ ಸಾಗಿಸುತ್ತಿದ್ದುದನ್ನು ತಡೆಯಲೆಂದೇ 1989ರಲ್ಲಿ ಬಾಸೆಲ್ ಒಪ್ಪಂದ ಏರ್ಪಟ್ಟಿತು. ಆದರೂ ಸಾಗಾಟ ನಿಲ್ಲಲಿಲ್ಲ. ವಿದೇಶಿ ಪ್ಲಾಸ್ಟಿಕ್ ಕಸಕ್ಕೆ 2018ರಲ್ಲಿ ಚೀನಾ ಬಾಗಿಲು ಮುಚ್ಚಿದಾಗ ಆ ಕಸದ ಬಹುಪಾಲು ಮಲೇಷ್ಯಾ, ಇಂಡೋನೇಷ್ಯಾ, ಟರ್ಕಿ ಮೊದಲಾದ ದೇಶಗಳತ್ತ ತಿರುಗಿತು. ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಜಾಗತಿಕ ಒಪ್ಪಂದ ರೂಪಿಸಬೇಕೆಂದು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ನಿರ್ಣಯಿಸಿದವು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಯೂ ಒಮ್ಮತವಿಲ್ಲದೆ ಮುಗಿಯಿತು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೆಂಬ ಬೇಡಿಕೆಯನ್ನು ತೈಲ ರಾಷ್ಟ್ರಗಳು ಒಪ್ಪಲಿಲ್ಲ. ಅವುಗಳಲ್ಲಿ ಮುಸ್ಲಿಮ್ ರಾಷ್ಟ್ರಗಳೂ ಇದ್ದವೆಂಬ ಸತ್ಯವನ್ನು ನಾವು ಮುಚ್ಚಿಡಬೇಕಾಗಿಲ್ಲ. ತಪ್ಪು ಯಾರಿಂದ ನಡೆದರೂ ತಪ್ಪೇ.

ಆಳುವವರು ಒಮ್ಮತಕ್ಕೆ ಬಾರದಿದ್ದಾಗಲೂ ವಿದ್ಯಾರ್ಥಿಗಳು ಕೈಕಟ್ಟಿ ಕುಳಿತಿಲ್ಲ. 1994ರಲ್ಲಿ ಯುರೋಪಿನ ಕೆಲವೇ ದೇಶಗಳಲ್ಲಿ ಆರಂಭವಾದ 'ಇಕೋ-ಸ್ಕೂಲ್ಸ್' ಕಾರ್ಯಕ್ರಮ ಇಂದು ಭಾರತವೂ ಸೇರಿದಂತೆ ಹತ್ತಾರು ದೇಶಗಳಲ್ಲಿದೆ. ಅದರ ಕ್ರಮ ಸರಳವಾದುದು. ಶಾಲೆಯ ಮಕ್ಕಳೇ ಒಂದು ಸಮಿತಿ ರಚಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಎಷ್ಟು ನೀರು, ಎಷ್ಟು ಕಾಗದ, ಎಷ್ಟು ಆಹಾರ ಪೋಲಾಗುತ್ತಿದೆಯೆಂದು ಮೊದಲು ಲೆಕ್ಕ ಹಾಕುತ್ತಾರೆ. ಆ ಬಳಿಕವೇ ಕಾರ್ಯಯೋಜನೆ. 2011ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಮ್ಮ ಭೋಜನಶಾಲೆಯಲ್ಲಿ ಉಳಿದ ಒಳ್ಳೆಯ ಆಹಾರವನ್ನು ಹಸಿದವರಿಗೆ ತಲುಪಿಸತೊಡಗಿದರು. ಅದು ಆ ದೇಶದ ಅನೇಕ ಕಾಲೇಜುಗಳಿಗೆ ಹಬ್ಬಿತು. 2013ರಲ್ಲಿ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ ಎಂಬ ಇಬ್ಬರು ಶಾಲಾ ಬಾಲಕಿಯರು ಪ್ಲಾಸ್ಟಿಕ್ ಚೀಲದ ವಿರುದ್ಧ ಆಂದೋಲನ ಆರಂಭಿಸಿದರು. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳೂ ಅದೇ ಹೆಸರಿನಲ್ಲಿ ತಂಡ ಕಟ್ಟಿದರು. 2019ರಲ್ಲಿ ಬಾಲಿಯಲ್ಲಿ ಅಂತಹ ಚೀಲಗಳಿಗೆ ನಿಷೇಧ ಬಂತು. ನಮ್ಮಲ್ಲಿಯೂ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಆರಂಭವಾದವು. ಆದರೆ ಎಷ್ಟು ಶಾಲೆಗಳಲ್ಲಿ ಅವು ಜೂನ್ 5ರ ಗಿಡ ನೆಡುವ ಛಾಯಾಚಿತ್ರದಿಂದಾಚೆ ಬದುಕಿವೆ ಎಂದು ಪೋಷಕರು ವಿಚಾರಿಸಬೇಕಾಗಿದೆ.

ಇವೆಲ್ಲ ಪಾಶ್ಚಾತ್ಯರಿಂದ ಬಂದ ಹೊಸ ವಿಚಾರಗಳೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಪವಿತ್ರ ಕುರ್‌ಆನ್ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ತಿನ್ನಲು, ಕುಡಿಯಲು ಅನುಮತಿ ನೀಡಿ ಅದರ ಜೊತೆಯಲ್ಲೇ ದುಂದು ಮಾಡುವುದನ್ನು ನಿಷೇಧಿಸಿದೆ. ಬನೀ ಇಸ್ರಾಈಲ್ ಅಧ್ಯಾಯವು ಪೋಲು ಮಾಡುವವರನ್ನು ಶೈತಾನನ ಸಹೋದರರ ಸಾಲಿನಲ್ಲಿ ನಿಲ್ಲಿಸುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಒಂದು 'ಮುದ್ದ್', ಅಂದರೆ ಎರಡು ಕೈಗಳನ್ನು ಜೋಡಿಸಿದ ಬೊಗಸೆಯಷ್ಟು ನೀರಿನಲ್ಲಿ ವುಝೂ ನಿರ್ವಹಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಕೆಳಗೆ ಬಿದ್ದ ತುತ್ತನ್ನೂ ಶುಚಿಗೊಳಿಸಿ ತಿನ್ನಲು ಅವರು ಕಲಿಸಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ದಾನವೆಂದು ಪರಿಗಣಿಸಿದರು. ಇಂತಹ ಬೋಧನೆಯ ವಾರಸುದಾರರ ಮೊಹಲ್ಲಾಗಳು ಹೇಗಿರಬೇಕಿತ್ತು? ನಮ್ಮ ಬೀದಿಗಳಿಗೆ ಕಸದ ವಾಹನ ನಿತ್ಯ ಬರುವುದಿಲ್ಲವೆಂಬ ದೂರು ಅನೇಕ ಕಡೆ ಸತ್ಯವೇ. ಅದಕ್ಕಾಗಿ ನಗರಪಾಲಿಕೆಯ, ನಗರಸಭೆಯ ಬಾಗಿಲು ತಟ್ಟುವುದು ನಮ್ಮ ಹಕ್ಕು. ಆದರೆ ಆ ದೂರು ನಮ್ಮ ಹೊಣೆಗೆ ವಿನಾಯಿತಿಯಾಗದು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ಪೋಲು ಮಾಡಿತು. ಅದರಲ್ಲಿ ಶೇ. 60ರಷ್ಟು ಪೋಲಾದದ್ದು ಮನೆಗಳಲ್ಲಿ. ಈ ಲೆಕ್ಕದಲ್ಲಿ ನಮ್ಮ ಪಾಲೆಷ್ಟು? ನಮ್ಮ ಶಾದಿ ಮಹಲ್‌ಗಳ ಹಿಂಭಾಗಕ್ಕೊಮ್ಮೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಅರ್ಧ ತಿಂದ ಬಿರಿಯಾನಿ, ಮುಚ್ಚಳವನ್ನಷ್ಟೇ ತೆರೆದ ನೀರಿನ ಬಾಟಲಿಗಳು, ಒಮ್ಮೆ ಹಾಸಿ ಸುತ್ತಿ ಎಸೆದ ಪ್ಲಾಸ್ಟಿಕ್ ಹಾಳೆಗಳು ಅಲ್ಲಿರುತ್ತವೆ. ಹಸಿವಿನ ಅರಿವು ಮೂಡಿಸಬೇಕಾದ ರಮಝಾನ್ ತಿಂಗಳಲ್ಲಿಯೂ ಇಫ್ತಾರ್ ಮುಗಿದ ಅಂಗಳದ ಸ್ಥಿತಿ ಬೇರೆಯೇನಲ್ಲ. ಬಕ್ರೀದ್‌ನಂದು ಕುರ್ಬಾನಿಯ ತ್ಯಾಜ್ಯವನ್ನು ಬೀದಿಯಲ್ಲಿ ಬಿಡುವುದರಿಂದ ಒಂದು ಪವಿತ್ರ ಕರ್ಮದ ಬಗ್ಗೆಯೇ ಇತರರಲ್ಲಿ ಜಿಗುಪ್ಸೆ ಹುಟ್ಟುತ್ತದೆ. ಇದನ್ನೆಲ್ಲ ಮರುದಿನ ಬೆಳಗ್ಗೆ ಬಳಿಯುವವರು ಪೌರಕಾರ್ಮಿಕರು. ಹಸಿ ಕಸ, ಒಣ ಕಸ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಕಾನೂನಿನ ಭಯಕ್ಕಿಂತ, ನಮ್ಮ ಎಂಜಲನ್ನು ಇನ್ನೊಬ್ಬ ಮನುಷ್ಯ ಕೈಯಿಂದ ಆರಿಸುತ್ತಾನೆಂಬ ಲಜ್ಜೆ ನಮ್ಮನ್ನು ತಿದ್ದಬೇಕು.

ತ್ಯಾಜ್ಯದಿಂದ ಸಂಪತ್ತು ತೆಗೆಯುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗೆ ಬೇಕಾದ ಇದ್ದಿಲನ್ನು ಕಟ್ಟಿಗೆಯಿಂದ ತಯಾರಿಸಲಾಗುತ್ತಿತ್ತು. ಆಗ ಹೊರಡುವ ಹೊಗೆಯನ್ನು ಗಾಳಿಗೆ ಬಿಡದೆ ಭಟ್ಟಿ ಇಳಿಸಿ ಮದ್ಯಸಾರ, ಡಾಂಬರು ಮುಂತಾದ ಉಪ ಉತ್ಪನ್ನಗಳನ್ನು ಪಡೆಯಲಾಗುತ್ತಿತ್ತು. ಮೈಸೂರು ಕಾಗದ ಕಾರ್ಖಾನೆ ತನ್ನದೇ ಸಕ್ಕರೆ ಘಟಕದಲ್ಲಿ ಉಳಿದ ಕಬ್ಬಿನ ಸಿಪ್ಪೆಯನ್ನು ಕಾಗದ ತಯಾರಿಕೆಗೆ ಬಳಸಿತು. ಕೈಗಾರಿಕೆಗಳ ಕೊಳಚೆ ಭದ್ರೆಯನ್ನು ಸೇರಿದ ಇತಿಹಾಸವೂ ಇದರ ಜೊತೆಗೇ ಇದೆ. ವಿದ್ಯಾರ್ಥಿಗಳು ಈ ಎರಡು ಮುಖಗಳನ್ನೂ ಅಭ್ಯಸಿಸಬೇಕು. ಕುವೆಂಪು ವಿಶ್ವವಿದ್ಯಾನಿಲಯ ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲೇ ಇದೆ. ಅಲ್ಲಿ ಪರಿಸರ ವಿಜ್ಞಾನ ಓದಲು ನಮ್ಮ ಎಷ್ಟು ಮಕ್ಕಳನ್ನು ನಾವು ಪ್ರೇರೇಪಿಸಿದ್ದೇವೆ?

ಸಹೋದರರೇ, ಇನ್ನೊಂದು ವಿಷಯವನ್ನು ನಾವು ಮನಬಿಚ್ಚಿ ಹೇಳಲೇಬೇಕಾಗಿದೆ. ನಮ್ಮ ಸಮುದಾಯದ ಅನೇಕ ಬಡ ಕುಟುಂಬಗಳು ಗುಜರಿ ವ್ಯಾಪಾರದಿಂದ ಬದುಕುತ್ತಿವೆ. ತಳ್ಳುಗಾಡಿಯಲ್ಲಿ ಹಳೆಯ ಕಬ್ಬಿಣ, ಕಾಗದ, ಪ್ಲಾಸ್ಟಿಕ್ ಸಂಗ್ರಹಿಸುವ ಆ ಸಹೋದರನು ಜಗತ್ತಿನ ದೊಡ್ಡ ಸಭೆಗಳಲ್ಲಿ ಚರ್ಚೆಯಾಗುವ ಮರುಬಳಕೆಯ ಕಾರ್ಯವನ್ನು ಯಾವ ಪ್ರಶಸ್ತಿಯ ಆಸೆಯೂ ಇಲ್ಲದೆ ಮಾಡುತ್ತಿದ್ದಾನೆ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ನೀಡಿದೆ. ವಿವಿಧ ದೇಶಗಳ ಕಸ ಆಯುವವರ ಒಕ್ಕೂಟ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಯಲ್ಲಿ ತನ್ನ ಧ್ವನಿ ಎತ್ತಿದೆ. ಆದರೆ ನಮ್ಮ ಶಾಲೆಗಳಲ್ಲಿ 'ಗುಜರಿಯವನ ಮಗ' ಎಂಬುದು ಇಂದಿಗೂ ಹೀಯಾಳಿಕೆಯ ಮಾತಾಗಿದೆ. ಆ ಮಾತಿಗೆ ನೊಂದು ಶಾಲೆ ಬಿಡುವ ಬಾಲಕನು ಮರುದಿನ ತಂದೆಯ ಗಾಡಿಯನ್ನೇ ತಳ್ಳುತ್ತಾನೆ. ಮರುಬಳಕೆಯನ್ನು ಹೊಗಳಿ ಅದನ್ನು ಮಾಡುವವನನ್ನು ಕೀಳಾಗಿ ಕಾಣುವ ಯಾವ ಪರಿಸರ ಚಳವಳಿಗೂ ಅರ್ಥವಿಲ್ಲ. ಆ ಕೆಲಸಗಾರನಿಗೆ ಕೈಗವಸು, ಆರೋಗ್ಯ ತಪಾಸಣೆ ಮತ್ತು ನ್ಯಾಯವಾದ ಬೆಲೆ ಸಿಗಬೇಕು. ಅವನ ಮಗನ ಶಿಕ್ಷಣದ ಹೊಣೆಯನ್ನು ಜಮಾಅತ್‌ಗಳು ವಹಿಸಬೇಕು. ನಮ್ಮ ಝಕಾತ್ ವ್ಯವಸ್ಥೆಗೆ ಇದಕ್ಕಿಂತ ಯೋಗ್ಯವಾದ ಬಳಕೆ ಬೇರೆ ಯಾವುದಿದೆ?

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಬೇರೆ ದೇಶದ ವಿದ್ಯಾರ್ಥಿಗಳೊಂದಿಗೆ ಕೂಡಿ ದುಡಿಯಲು ನೀವು ವಿಮಾನ ಏರಬೇಕಾಗಿಲ್ಲ. ನಮ್ಮ ಅನೇಕ ಮನೆಗಳಿಗೆ ಗಲ್ಫ್ ರಾಷ್ಟ್ರಗಳಲ್ಲಿ ಬಂಧುಗಳಿದ್ದಾರೆ. ನಿಮ್ಮ ಮಾಮುವಿನ, ಚಾಚಾನ ಮಕ್ಕಳು ದಮಾಮ್‌ನಲ್ಲೋ ದುಬೈಯಲ್ಲೋ ಓದುತ್ತಿರಬಹುದು. ಒಂದು ವಾರವನ್ನು ಗೊತ್ತುಪಡಿಸಿಕೊಳ್ಳಿ. ಆ ವಾರ ಇಬ್ಬರ ಮನೆಯಲ್ಲೂ ಎಸೆಯಲಾದ ಅನ್ನ, ರೊಟ್ಟಿ, ಪ್ಲಾಸ್ಟಿಕ್‌ಗಳನ್ನು ಬೇರೆ ಬೇರೆಯಾಗಿ ತೂಗಿ ಬರೆದಿಡಿ. ಲೆಕ್ಕವನ್ನು ಪರಸ್ಪರ ಹೋಲಿಸಿರಿ, ಕಾರಣ ಹುಡುಕಿರಿ, ಮುಂದಿನ ತಿಂಗಳು ಮತ್ತೆ ತೂಗಿರಿ. ಅದೇ ಲೆಕ್ಕವನ್ನು ನಿಮ್ಮ ತರಗತಿಗೂ ಬೇರೆ ಧರ್ಮಗಳ ಸಹಪಾಠಿಗಳಿಗೂ ಒಯ್ಯಿರಿ, ಏಕೆಂದರೆ ತುಂಗೆ ಮತ್ತು ಭದ್ರೆ ಎಲ್ಲರಿಗೂ ಸೇರಿದ ನದಿಗಳು. ಶ್ರೀಮಂತ ರಾಷ್ಟ್ರಗಳ ಅನ್ಯಾಯವನ್ನು ಪ್ರಶ್ನಿಸುವ ನೈತಿಕ ಬಲ, ತನ್ನ ಮನೆಯ ಲೆಕ್ಕವನ್ನು ಸರಿಪಡಿಸಿಕೊಂಡವನಿಗೆ ಇರುತ್ತದೆ.

ಹಿರಿಯರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಪ್ರತಿ ಮಸೀದಿಯ ಆಡಳಿತ ಸಮಿತಿ ನಿಕಾಹ್ ಮತ್ತು ಇಫ್ತಾರ್‌ಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಇಟ್ಟುಕೊಳ್ಳಲಿ. ಉಳಿದ ಆಹಾರವನ್ನು ಅದೇ ರಾತ್ರಿ ಅಗತ್ಯವಿದ್ದವರಿಗೆ ತಲುಪಿಸುವ ಜವಾಬ್ದಾರಿಯನ್ನು ಯುವಕರಿಗೆ ವಹಿಸಲಿ. ಕುರ್ಬಾನಿಯ ತ್ಯಾಜ್ಯವನ್ನು ಸ್ಥಳೀಯಾಡಳಿತದ ವಾಹನಕ್ಕೆ ಒಪ್ಪಿಸುವ ವ್ಯವಸ್ಥೆಯನ್ನು ಹಬ್ಬಕ್ಕೆ ಮೊದಲೇ ಮಾಡಲಿ. ಜುಮಾ ಖುತ್ಬಾದಲ್ಲಿ ಖತೀಬರು ದುಂದಿನ ಬಗ್ಗೆ ಮಾತನಾಡಲಿ. ಪರಲೋಕದಲ್ಲಿ ಪ್ರತಿಯೊಂದು ಅನುಗ್ರಹದ ಬಗ್ಗೆಯೂ ನಾವು ಪ್ರಶ್ನಿಸಲ್ಪಡಲಿದ್ದೇವೆ. ಎಸೆದ ತುತ್ತೂ ಕೆಡಿಸಿದ ನೀರೂ ಆ ಅನುಗ್ರಹಗಳಲ್ಲಿ ಸೇರಿವೆ. ಆ ವಿಚಾರಣೆಗೆ ಇಂದೇ ಸಿದ್ಧರಾಗುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.