ಅಪ್‌ಡೇಟ್ ಆಗ್ತಿಲ್ಲ ಅಂತ ರೀಸೆಟ್ ಒತ್ತಬೇಡಿ

(ಸೇಲಂ, ಧರ್ಮಪುರಿ ಭಾಗದ ನಮ್ಮವರ ಕೂಟದಲ್ಲಿ ಆಡಿದ ಮಾತು. ಅವತ್ತು ಬರೋಕಾಗದವರು ಕೇಳಿದ್ದಕ್ಕೆ ಇಲ್ಲಿ ಬರೆದು ಹಾಕಿದ್ದೇವೆ. ಆಡುಮಾತು ಇದ್ದ ಹಾಗೇ ಇದೆ.)

ನಾನು ಭಾಷಣ ಮಾಡೋನಲ್ಲ. ಮೆಟ್ಟೂರು ಕಡೆ ಸೆಲ್ ಸರ್ವಿಸ್ ಅಂಗಡಿ ಇಟ್ಕೊಂಡಿರೋನು. ನನಗಿಂತ ಮುಂಚೆ ಮಾತಾಡಿದವರು ಶಾಲೆ, ಪಠ್ಯಪುಸ್ತಕ, ಮೇಷ್ಟ್ರ ಹುದ್ದೆ ಅಂತ ದೊಡ್ಡ ವಿಷಯಗಳನ್ನ ಹೇಳಿದರು. ನನಗೆ ಗೊತ್ತಿರೋದು ಫೋನು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೆ ಮೂರು ನಾಲ್ಕು ಜನ “ಅಪ್‌ಡೇಟ್ ಆಗ್ತಿಲ್ಲ, ಏನ್ ಮಾಡ್ಲಿ?” ಅಂತ ಕೇಳ್ತಾರಲ್ಲ, ಅದಕ್ಕೆ ಒಂದೇ ಸಲ ಎದುರಿಗೆ ನಿಂತು ಹೇಳಿಬಿಡಪ್ಪಾ ಅಂದರು. ಬಂದಿದೀನಿ.

ಮೊದಲು ನನ್ನ ತಪ್ಪು ಹೇಳ್ತೀನಿ, ಆಮೇಲೆ ನಿಮಗೆ ಬುದ್ಧಿ ಹೇಳ್ತೀನಿ.

ಏಳೆಂಟು ವರ್ಷದ ಹಿಂದೆ ಕೊಳತ್ತೂರು ಕಡೆಯಿಂದ ಒಬ್ಬ ಅಕ್ಕ ಅಂಗಡಿಗೆ ಬಂದರು. ಫೋನ್ ಆನ್ ಆಗೋದು, ಕಂಪನಿ ಹೆಸರು ಬರೋದು, ಅಲ್ಲೇ ನಿಲ್ಲೋದು. ರಾತ್ರಿ ಅಪ್‌ಡೇಟ್ ಕೇಳಿತ್ತಂತೆ, ಮಗ ಒತ್ತಿದನಂತೆ, ಬೆಳಗ್ಗೆ ಹೀಗಾಗಿದೆ. ಅವತ್ತು ಅಂಗಡಿ ತುಂಬ ಜನ. ನಾನು ಹಿಂದೆ ಮುಂದೆ ನೋಡದೆ ಫ್ಯಾಕ್ಟರಿ ರೀಸೆಟ್ ಹೊಡೆದೆ. ಹತ್ತು ನಿಮಿಷದಲ್ಲಿ ಫೋನ್ ಹೊಸದರ ಹಾಗೆ ಎದ್ದು ಕೂತ್ಕೊಂತು. ಇನ್ನೂರು ರೂಪಾಯಿ ಇಸ್ಕೊಂಡೆ. ಆ ಅಕ್ಕ ಫೋನ್ ತಗೊಂಡು ಎರಡು ಸಲ ಮೇಲೆ ಕೆಳಗೆ ತಳ್ಳಿ ನೋಡಿ, “ನಮ್ಮತ್ತೆ ಹಾಡಿದ್ದು ಎಲ್ಲಪ್ಪಾ?” ಅಂದರು.

ಅವರತ್ತೆ ರಾಗಿ ಬೀಸುವಾಗ ಹೇಳ್ತಿದ್ದ ಮಾದಪ್ಪನ ಪದಗಳು. ಸೊಸೆ ಒಂದೊಂದೇ ರೆಕಾರ್ಡ್ ಮಾಡಿ ಇಟ್ಟಿದ್ದರು. ಅತ್ತೆ ತೀರಿಕೊಂಡು ಆಗಲೇ ವರ್ಷ ಕಳೆದಿತ್ತು. ನಾನು ಸೇಲಂನಲ್ಲಿ ಡೇಟಾ ತೆಗೆದುಕೊಡೋರ ಹತ್ತಿರ ಎರಡು ಕಡೆ ತಗೊಂಡು ಹೋದೆ. ಆಗಲ್ಲ ಅಂದರು. ಈಗಿನ ಫೋನುಗಳಲ್ಲಿ ಒಳಗಿರೋದೆಲ್ಲ ಬೀಗ ಹಾಕಿದ ರೂಪದಲ್ಲೇ ಇರುತ್ತೆ. ರೀಸೆಟ್ ಮಾಡಿದಾಗ ಆ ಬೀಗದ ಕೈಯೇ ನಾಶವಾಗುತ್ತೆ. ಆಮೇಲೆ ಯಾರ ಕೈಲೂ ಆಗಲ್ಲ. ಇನ್ನೂರು ರೂಪಾಯಿ ವಾಪಸ್ ಕೊಡೋಕೆ ಹೋದೆ, ಅವರು ತಗೊಳ್ಲಿಲ್ಲ.

ನಮ್ಮ ಕಡೆಯ ಕನ್ನಡ ಪುಸ್ತಕದಲ್ಲಿ ಇಲ್ಲ. ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಅಜ್ಜಿ ಪದ, ತಾತನ ಕತೆ ಎಲ್ಲ ಈಗ ಇರೋದು ವಾಯ್ಸ್ ಮೆಸೇಜಿನಲ್ಲಿ. ಅದಕ್ಕೇ ಅಪ್‌ಡೇಟ್ ಕೆಟ್ಟರೆ ಏನು ಮಾಡಬೇಕು ಅನ್ನೋದು ನಮಗೆ ಬರೀ ಫೋನಿನ ವಿಷಯ ಅಲ್ಲ.

ಅಪ್‌ಡೇಟ್ ಯಾಕೆ ಆಗಲ್ಲ ಅನ್ನೋದಕ್ಕೆ ಬರೋಣ. ನನ್ನ ಮೇಜಿಗೆ ಬರೋ ಫೋನುಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಒಂದೇ: ಒಳಗೆ ಜಾಗ ಇಲ್ಲ. ಡಬ್ಬಿ ಮೇಲೆ 32 ಜಿಬಿ ಅಂತ ಬರೆದಿರುತ್ತೆ, ಅದರಲ್ಲಿ ದೊಡ್ಡ ಪಾಲು ಫೋನಿನ ಸಾಫ್ಟ್‌ವೇರೇ ತಿಂದಿರುತ್ತೆ. ಉಳಿದಿದ್ದನ್ನ ವಾಟ್ಸಾಪ್ ತಿನ್ನುತ್ತೆ. ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಕೆಲವು ನೂರು ಎಂಬಿ ಇರಬಹುದು, ಆದರೆ ಆಂಡ್ರಾಯ್ಡ್ ಆವೃತ್ತಿಯೇ ಬದಲಾಗೋದಾದರೆ ಜಿಬಿ ಲೆಕ್ಕ. ಇಳಿಸಿಕೊಳ್ಳೋಕೆ ಜಾಗ ಬೇಕು, ಬಿಚ್ಚಿ ಹಾಕಿಕೊಳ್ಳೋಕೂ ಜಾಗ ಬೇಕು. ನಮ್ಮೂರ ಮನೆಗೆ ಹೊಸ ಬೀರು ತಂದ ಹಾಗೆ. ಬೀರು ಇಡೋ ಮೂಲೆ ಖಾಲಿ ಇದ್ದರೆ ಸಾಲದು, ಬಾಗಿಲಿಂದ ಆ ಮೂಲೆ ತನಕ ದಾರಿಯೂ ಬಿಡಬೇಕು. ಐದಾರು ಜಿಬಿ ಖಾಲಿ ಇಟ್ಟುಕೊಳ್ಳಿ. ಮೆಮೊರಿ ಕಾರ್ಡ್ ಹಾಕಿದೀನಲ್ಲ ಅಂತ ಕೆಲವರು ಜಗಳಕ್ಕೆ ಬರ್ತಾರೆ. ಅಣ್ಣಾ, ಅಪ್‌ಡೇಟಿಗೆ ಬೇಕಾದ್ದು ಫೋನಿನ ಸ್ವಂತ ಜಾಗ. ಫೋಟೋಗಳನ್ನ ಕಾರ್ಡಿಗೆ ಸಾಗಿಸಿದರೆ ಮಾತ್ರ ಕಾರ್ಡಿನಿಂದ ಉಪಯೋಗ.

ಏನು ಅಳಿಸಬೇಕು? ವಾಟ್ಸಾಪ್ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್. ಯಾವ ಗುಂಪು ಎಷ್ಟು ತಿಂದಿದೆ ಅಂತ ಸಾಲಾಗಿ ತೋರಿಸುತ್ತೆ. ಮೇಲುಗಡೆ ಇರೋದು ಸಾಮಾನ್ಯವಾಗಿ ನಿಮ್ಮ ಭಾವಮೈದ ಕಳಿಸೋ ಸಿನಿಮಾ ವಿಡಿಯೋ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳನ್ನ ತಮಾಷೆ ಅಂದ್ಕೋಬೇಡಿ. 2017ರ ಕೊನೆಗೆ ಗೂಗಲ್ ಬಿಟ್ಟ ಫೈಲ್ಸ್ ಆಪ್‌ಗೆ ಆ ಶುಭೋದಯದ ಚಿತ್ರಗಳನ್ನ ಗುರುತು ಹಿಡಿದು ಒಟ್ಟಿಗೆ ಅಳಿಸೋ ವಿದ್ಯೆಯನ್ನೇ ಕಲಿಸಿದರು, ಭಾರತದ ಫೋನುಗಳು ಅಷ್ಟು ತುಂಬಿ ಹೋಗ್ತಿದ್ದವು. ಹಾಗಂತ ಚಿತ್ರ ಕಳಿಸೋ ಹಿರಿಯರನ್ನ ಬೈಬೇಡಿ. ಬಂದಿದ್ದೆಲ್ಲ ತಾನಾಗಿ ಇಳಿಯೋ ಆಟೋ ಡೌನ್‌ಲೋಡನ್ನ ನಿಲ್ಲಿಸಿ, ಸಾಕು.

ಆದರೆ ಚಾಟನ್ನೇ ಪೂರ್ತಿ ಅಳಿಸಬೇಡಿ. ಸಿನಿಮಾ ವಿಡಿಯೋ ಜೊತೆಗೆ ಅಜ್ಜಿ ದನಿಯೂ ಅಲ್ಲೇ ಇರುತ್ತೆ. ದನಿ ಜಾಗ ತಿನ್ನೋದು ಕಡಿಮೆ, ವಿಡಿಯೋ ತಿನ್ನೋದು ಜಾಸ್ತಿ. ಬೇಕಾದ ವಾಯ್ಸ್ ಮೆಸೇಜನ್ನ ಒತ್ತಿ ಹಿಡಿದು, ಶೇರ್ ಕೊಟ್ಟು, ಡ್ರೈವಿಗೋ ಜೀಮೇಲಿಗೋ ಕಳಿಸಿಕೊಳ್ಳಿ. ಬಹಳ ಇದ್ದರೆ ಫೋನಿಗೆ ಚುಚ್ಚೋ ಪೆನ್‌ಡ್ರೈವ್ ಸಿಗುತ್ತೆ. ಫೈಲ್ಸ್ ಒಳಗೆ ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ ಒಂದು ಫೋಲ್ಡರ್ ಇರುತ್ತೆ, ಅದನ್ನೇ ಪೂರ್ತಿ ಎತ್ತಿ ಹಾಕಿ. ಹಾಕಿದ ಮೇಲೆ ಇನ್ನೊಂದು ಫೋನಿನಲ್ಲಿ ತೆಗೆದು ಕೇಳಿ ನೋಡಿ. ಕೇಳಿ ನೋಡದೇ ಇರೋ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅನ್ನಲ್ಲ. ಇನ್ನೊಂದು ಮಾತು: ಮೊದಲು ವಾಟ್ಸಾಪ್ ಬ್ಯಾಕಪ್ಪಿಗೆ ಗೂಗಲ್ ಬೇರೆ ಜಾಗ ಕೊಡ್ತಿತ್ತು, 2024ರಿಂದ ಅದೂ ನಿಮ್ಮ 15 ಜಿಬಿ ಲೆಕ್ಕಕ್ಕೇ ಬರ್ತಿದೆ. ಆ 15 ಜಿಬಿ ತುಂಬಿದ್ದರೆ ಬ್ಯಾಕಪ್ ನಿಂತು ಹೋಗಿರುತ್ತೆ. ಕೊನೇ ಬ್ಯಾಕಪ್ ಯಾವ ತಾರೀಕು ಅಂತ ಇವತ್ತೇ ನೋಡಿ.

ಉಳಿದ ಕಾರಣಗಳನ್ನ ಬೇಗ ಹೇಳ್ತೀನಿ. ಚಾರ್ಜು ಅರ್ಧಕ್ಕಿಂತ ಮೇಲಿರಲಿ, ಆದರೆ ಕರೆಂಟ್ ಹೋಗೋ ದಿನ ಬೇಡ. ತಾರೀಕು, ಗಂಟೆ ಸರಿ ಇರಲಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೇ ಫೋನಿನಲ್ಲಿ ತಾರೀಕು ಎಲ್ಲೋ ಹಿಂದಕ್ಕೆ ಹೋಗಿರುತ್ತೆ. ಅಂಥಾ ಫೋನು ಗೂಗಲ್ ಹತ್ತಿರ ಹೋದರೆ ಗುರುತುಚೀಟಿ ತಾಳೆ ಆಗಲ್ಲ, ಬಾಗಿಲು ತೆಗೆಯಲ್ಲ. ಪಾಲಾರ್, ಹೊಗೇನಕಲ್ ಕಡೆಯವರಿಗೆ ಇನ್ನೊಂದು ತಾಪತ್ರಯ. ಹೊಳೆ ಆಚೆ ಕರ್ನಾಟಕ. ಕೆಲವು ಸಲ ಫೋನು ಆಚೆ ಟವರ್ ಹಿಡಿದು ರೋಮಿಂಗ್ ಅಂತ ತಿಳ್ಕೊಳ್ಳುತ್ತೆ. ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ನಿಲ್ಲುತ್ತೆ, ಡೌನ್‌ಲೋಡ್ ಅರ್ಧಕ್ಕೇ ಕೂರುತ್ತೆ. ಫೋನಿಗೆ ಗಡಿ ಗೊತ್ತು, ನಮ್ಮ ನೆಂಟಸ್ತಿಕೆ ಗೊತ್ತಿಲ್ಲ. ವೈಫೈ ಇರೋ ಮನೆಯಲ್ಲಿ ಕೂತು ಮಾಡಿಕೊಳ್ಳಿ.

ಇದೆಲ್ಲ ಫೋನಿನ ಅಪ್‌ಡೇಟು. ಆಪ್‌ಗಳ ಅಪ್‌ಡೇಟ್ ಬೇರೆ, ಅದು ಪ್ಲೇ ಸ್ಟೋರಿನಿಂದ ಬರೋದು. ಅಲ್ಲಿ “ಪೆಂಡಿಂಗ್” ಅಂತ ಸುತ್ತುತ್ತಾ ಇದ್ದರೆ ಎಲ್ಲವನ್ನೂ ನಿಲ್ಲಿಸಿ ಒಂದೊಂದೇ ಕೊಡಿ. ಆಗಲಿಲ್ಲವಾ, ಸೆಟ್ಟಿಂಗ್ಸ್‌ನಲ್ಲಿ ಪ್ಲೇ ಸ್ಟೋರನ್ನ ತೆಗೆದು ಅದರ ಕ್ಯಾಶ್ ಕ್ಲಿಯರ್ ಮಾಡಿ, ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಪ್ಲೇ ಸ್ಟೋರ್ ಕ್ಲಿಯರ್ ಮಾಡಿದರೆ ನಿಮ್ಮ ಫೋಟೋ, ದನಿ ಹೋಗಲ್ಲ. ಆದರೆ ವಾಟ್ಸಾಪಿಗೆ ಮಾತ್ರ “ಕ್ಲಿಯರ್ ಡೇಟಾ” ಒತ್ತಬೇಡಿ, ಅಲ್ಲಿ ಚಾಟುಗಳು ಹೋಗ್ತವೆ. ಕೆಲವು ಸಲ ತಪ್ಪು ನಿಮ್ಮದಾಗಿರಲ್ಲ. 2021ರ ಮಾರ್ಚ್ 22, 23ಕ್ಕೆ ಪ್ರಪಂಚದಾದ್ಯಂತ ಆಂಡ್ರಾಯ್ಡ್ ಫೋನಿನಲ್ಲಿ ಜೀಮೇಲ್, ಇನ್ನೂ ಎಷ್ಟೋ ಆಪ್‌ಗಳು ತೆರೆದ ತಕ್ಷಣ ಮುಚ್ಚಿಕೊಳ್ತಿದ್ದವು. ಕಾರಣ ವೆಬ್‌ವ್ಯೂ ಅನ್ನೋ ಒಳಗಿನ ಒಂದು ಭಾಗ ಕೆಟ್ಟಿದ್ದು. ಗೂಗಲ್‌ನವರು ಸರಿಮಾಡಿದ ಅಪ್‌ಡೇಟ್ ಬಿಟ್ಟರು, ಹಾಕಿಕೊಂಡವರದು ಸರಿ ಹೋಯ್ತು. ಅವಸರಪಟ್ಟು ರೀಸೆಟ್ ಹೊಡೆದವರದು ಹೋಗಿದ್ದು ಹೋಯ್ತು. ನೆಗಡಿ ಬಂತು ಅಂತ ಮೂಗು ಕುಯ್ಕೊಂಡ ಹಾಗೆ.

ಈಗ ಆ ಅಕ್ಕನ ಫೋನಿಗೆ ಆದ ಸ್ಥಿತಿಗೆ ಬರ್ತೀನಿ, ಯಾಕಂದ್ರೆ ಅಲ್ಲೇ ಎಲ್ಲರೂ ಗಾಬರಿ ಬೀಳೋದು. “ಅಪ್‌ಡೇಟ್ ಫೇಲ್ಡ್” ಅಂತ ತೋರಿಸಿ ಫೋನು ಮಾಮೂಲಾಗಿ ನಡೀತಿದ್ದರೆ ಭಯ ಬೇಡ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಬಹಳ ಫೋನುಗಳಲ್ಲಿ ಸಾಫ್ಟ್‌ವೇರಿಗೆ ಎರಡು ಕೋಣೆ ಇರುತ್ತೆ. ಒಂದರಲ್ಲಿ ನೀವು ಬದುಕ್ತಾ ಇರ್ತೀರಿ, ಹೊಸದನ್ನ ಇನ್ನೊಂದರಲ್ಲಿ ಕಟ್ಟುತ್ತೆ. ಹೊಸದು ಸರಿ ಬರದಿದ್ದರೆ ಹಳೇ ಕೋಣೆಗೇ ವಾಪಸ್ ಬರುತ್ತೆ. ಎಲ್ಲಾ ಮಾಡೆಲ್‌ನಲ್ಲೂ ಈ ಸೌಕರ್ಯ ಇಲ್ಲ. ಹಾಗಾಗಿ ಕಂಪನಿ ಹೆಸರಿನ ಮೇಲೇ ನಿಂತುಬಿಟ್ಟರೆ ಮೊದಲು ಚಾರ್ಜಿಗೆ ಹಾಕಿ ಅರ್ಧ ಗಂಟೆ, ಒಂದು ಗಂಟೆ ಸುಮ್ಮನೆ ಬಿಡಿ. ಕಾಯೋದೇ ಕಷ್ಟದ ಕೆಲಸ, ನನಗೂ ಗೊತ್ತು. ಆಮೇಲೆ ಪವರ್ ಬಟನ್ ಮತ್ತು ವಾಲ್ಯೂಮ್ ಕಡಿಮೆ ಮಾಡೋ ಬಟನ್ ಎರಡನ್ನೂ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಹಳ ಮಾಡೆಲ್‌ಗಳು ಇದಕ್ಕೆ ಆಫ್ ಆಗಿ ಎದ್ದೇಳ್ತವೆ.

ಅದೂ ಆಗದಿದ್ದರೆ ಅಂಗಡಿಯವರು ರಿಕವರಿ ಅನ್ನೋ ಕಪ್ಪು ಪರದೆಗೆ ಹೋಗ್ತಾರೆ. ಅಲ್ಲಿ ಎಲ್ಲಾ ಇಂಗ್ಲಿಷ್. ಒಂದು ಸಾಲು “ರೀಬೂಟ್ ಸಿಸ್ಟಂ ನೌ”, ಮೊದಲು ಅದನ್ನ ನೋಡಬೇಕು. ಕೆಲವು ಫೋನಿನಲ್ಲಿ “ವೈಪ್ ಕ್ಯಾಶ್ ಪಾರ್ಟಿಷನ್” ಅಂತಿರುತ್ತೆ, ಅದರಿಂದ ನಿಮ್ಮ ಸಾಮಾನು ಹೋಗಲ್ಲ. ಅದರ ಪಕ್ಕದ್ದೇ “ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್”. ಎರಡಕ್ಕೂ ನಡುವೆ ಒಂದು ಸಾಲು, ಬೆರಳಿನಷ್ಟೂ ಅಂತರ ಇಲ್ಲ. ನಾನು ಅವತ್ತು ಒತ್ತಿದ್ದು ಎರಡನೇದು. ಮೊದಲನೇದನ್ನ ನೋಡಲೂ ಇಲ್ಲ. ಕೆಲವು ಮಾಡೆಲ್‌ಗಳಿಗೆ ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಮಾತ್ರ ಮತ್ತೆ ಹಾಕಿ ಒಳಗಿನ ಸಾಮಾನನ್ನ ಉಳಿಸೋ ದಾರಿಯೂ ಇದೆ. ಅದಕ್ಕೆ ಹೊತ್ತು ಹಿಡಿಯುತ್ತೆ, ರಿಪೇರಿಯವನಿಗೆ ಲಾಭ ಕಮ್ಮಿ. ಅದಕ್ಕೇ ಫೋನ್ ಕೊಡುವಾಗ ಬಾಯಿ ಬಿಟ್ಟು ಹೇಳಿ: “ತಮ್ಮಾ, ಡೇಟಾ ಬೇಕು. ರೀಸೆಟ್ ಮಾಡೋ ಹಾಗಿದ್ದರೆ ನನ್ನ ಕೇಳಿ ಮಾಡು.” ತಮಿಳಿನಲ್ಲಾದರೂ ಹೇಳಿ, ಹೇಳೋದು ಮುಖ್ಯ.

ರೀಸೆಟ್ ಮಾಡಲೇಬೇಕಾಗಿ ಬಂದರೆ ಇನ್ನೊಂದು ಗುಂಡಿ ಇದೆ. 2015ರ ಆಂಡ್ರಾಯ್ಡ್ 5.1ರಿಂದ, ಕಳ್ಳತನ ತಡೆಯೋಕೆ ಅಂತ, ಹೀಗೆ ರೀಸೆಟ್ ಆದ ಫೋನು ಹಳೇ ಗೂಗಲ್ ಅಕೌಂಟನ್ನ ಕೇಳುತ್ತೆ. ನಮ್ಮಲ್ಲಿ ಆ ಜೀಮೇಲ್ ಮಾಡಿಕೊಟ್ಟಿರೋನು ಫೋನ್ ಮಾರಿದ ಅಂಗಡಿ ಹುಡುಗ. ಹೆಸರು ಅವನಿಟ್ಟದ್ದು, ಪಾಸ್‌ವರ್ಡ್ ಅವನ ತಲೆಯಲ್ಲಿದ್ದದ್ದು, ಅವನೀಗ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿದ್ದಾನೆ. ಸ್ವಂತ ಫೋನಿನಿಂದ ಹೊರಗೆ ನಿಂತವರನ್ನ ನಾನು ಎಷ್ಟೋ ಜನ ನೋಡಿದೀನಿ. ಜೀಮೇಲ್ ಹೆಸರು, ಪಾಸ್‌ವರ್ಡ್ ಎರಡನ್ನೂ ಮನೆಯ ರೇಷನ್ ಕಾರ್ಡ್ ಇಡೋ ಚೀಲದಲ್ಲಿ ಬರೆದಿಡಿ. ಬರೆಯಬಾರದು ಅಂತ ಓದಿದವರು ಹೇಳ್ತಾರೆ. ಹೇಳಲಿ.

ಇಷ್ಟೆಲ್ಲ ರಗಳೆ ಇದ್ದರೆ ಅಪ್‌ಡೇಟೇ ಬೇಡ ಅಂತ ಒಬ್ಬರು ತಾತ ಮೊನ್ನೆ ಅಂದರು. ಬೇಕು ತಾತಾ. ನಿಮ್ಮ ಫೋನಿನ ಮೆನು ಕನ್ನಡದಲ್ಲಿ ಬಂದಿದ್ದೇ ಅಪ್‌ಡೇಟಿನಿಂದ. 2014ರ ಆಂಡ್ರಾಯ್ಡ್ 5 ತಂದ ಹೊಸ ಭಾಷೆಗಳಲ್ಲಿ ಕನ್ನಡ, ತಮಿಳು ಎರಡೂ ಇದ್ದವು. ಆಂಡ್ರಾಯ್ಡ್ 7ರಿಂದ ಭಾಷೆಗಳನ್ನ ಸಾಲಾಗಿ ಇಡಬಹುದು: ಮೊದಲು ಕನ್ನಡ, ಆಮೇಲೆ ತಮಿಳು, ಆಮೇಲೆ ಇಂಗ್ಲಿಷ್. ನಮ್ಮಂಥವರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು 2022ರ ಆಂಡ್ರಾಯ್ಡ್ 13. ಅದರಲ್ಲಿ ಒಂದೊಂದು ಆಪ್‌ಗೆ ಒಂದೊಂದು ಭಾಷೆ ಇಡಬಹುದು, ಆಪ್ ಅದಕ್ಕೆ ಒಪ್ಪಬೇಕು ಅಷ್ಟೇ. ಫೋನು ಕನ್ನಡದಲ್ಲಿರಲಿ, ಮಗಳು ತಮಿಳಲ್ಲಿ ಓದಿ ಹೇಳೋ ಆಪ್ ತಮಿಳಲ್ಲಿರಲಿ. ಮನೆಯಲ್ಲಿ ನಾವು ಬದುಕೋದೂ ಹಾಗೇ ತಾನೇ? ಐಫೋನ್ ಇಟ್ಟುಕೊಂಡ ಬೆಂಗಳೂರಿನ ಹುಡುಗರಿಗೆ ಫೋನಿನ ಮೆನು ಕನ್ನಡದಲ್ಲಿ ಕಾಣೋ ಭಾಗ್ಯ ಬಂದಿದ್ದು 2025ರಲ್ಲಿ, ಐಒಎಸ್ 18.4ರ ಜೊತೆ. ಅವರಿಗೆ ಜಾಗ ಸಾಲದೆ ಅಪ್‌ಡೇಟ್ ನಿಂತರೆ ಕಂಪ್ಯೂಟರಿಗೆ ಸಿಕ್ಕಿಸಿ ಮಾಡಬಹುದು. “ಅಪ್‌ಡೇಟ್” ಒತ್ತಲಿ, “ರಿಸ್ಟೋರ್” ಒತ್ತದಿರಲಿ, ಅಲ್ಲೂ ಅದೇ ಕತೆ.

ರಿಪೇರಿಗೆ ಹೋಗಿ ಬಂದ ಫೋನು ಇಂಗ್ಲಿಷ್ ಆಗಿದ್ದರೆ ಹಾಗೇ ಬಿಟ್ಟುಬಿಡಬೇಡಿ. ಸೆಟ್ಟಿಂಗ್ಸ್, ಸಿಸ್ಟಂ, ಲ್ಯಾಂಗ್ವೇಜಸ್. ಆ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತೆ, ಕನ್ನಡ ಅನ್ನೋದು ಕನ್ನಡದಲ್ಲೇ ಕಾಣುತ್ತೆ. ಲಿಪಿ ಬರದ ಮಕ್ಕಳು ಕೀಬೋರ್ಡಿಗೆ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಲಿ, ಅದೇ ಬರೆಯುತ್ತೆ. ನಮ್ಮೂರಿನ ಮಾತು ಅದಕ್ಕೆ ಪೂರ್ತಿ ಅರ್ಥ ಆಗಲ್ಲ, ಬೆಂಗಳೂರಿನ ಹಾಗೆ ತಿದ್ದಿ ಬರೆಯುತ್ತೆ. ನಗು ಬರುತ್ತೆ ಒಂದೊಂದು ಸಲ.

ಅಪ್‌ಡೇಟೇ ಬರದ ಫೋನುಗಳೂ ಇವೆ. ಅವು ಕೆಟ್ಟಿಲ್ಲ, ಕಂಪನಿ ಕೈಬಿಟ್ಟಿದೆ. ಅಬೌಟ್ ಫೋನ್ ಒಳಗೆ ಸೆಕ್ಯುರಿಟಿ ಅಪ್‌ಡೇಟ್ ತಾರೀಕು ನೋಡಿ. ಎರಡು ಮೂರು ವರ್ಷ ಹಿಂದಿನದಾಗಿದ್ದರೆ ಆ ಫೋನಿನಲ್ಲಿ ಮಾತಾಡಿ, ಹಾಡು ಕೇಳಿ, ದುಡ್ಡಿನ ವ್ಯವಹಾರ ಬೇಡ. ವಾಟ್ಸಾಪಿನಲ್ಲಿ “ಅಪ್‌ಡೇಟ್ ಮಾಡಿಕೊಳ್ಳಿ” ಅಂತ ಬರೋ ಎಪಿಕೆ ಫೈಲನ್ನ ಮುಟ್ಟಲೇಬೇಡಿ. ಬ್ಯಾಂಕಿನ ಹೆಸರಲ್ಲಿ, ಗಾಡಿ ದಂಡದ ಹೆಸರಲ್ಲಿ ಬರ್ತವೆ, ಒಳಗೆ ಬಂದು ಓಟಿಪಿ ಕದೀತವೆ. ದುಡ್ಡು ಹೋಗಿದ್ದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬೇರೆಯವರ ಫೋನಿನಿಂದ ಮಾಡಿ.

ಸಾಕು ಮಾತು. ನಾನು ನಾಲ್ಕು ಪೆನ್‌ಡ್ರೈವ್ ತಂದಿದೀನಿ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ. ಯಾರ ಫೋನಿನಲ್ಲಿ ಹಿರಿಯರ ದನಿ ಇದೆಯೋ ಅವರು ಮೊದಲು ಬನ್ನಿ, ಅಪ್‌ಡೇಟ್ ಆಗದವರು ಆಮೇಲೆ. ಮುಂದೆ ಕೂತಿರೋ ಅಜ್ಜಿ, ನಿಮ್ಮ ಸೆಲ್ ಕೊಡಿ ನೋಡೋಣ.