ಗೋದಲಿಯ ಹಸಿವು, ಮಿದುಳಿನ ಲೆಕ್ಕ



ಮಲಪ್ರಭೆಯ ಎರೆನೆಲದಲ್ಲಿ ನೇಗಿಲೆಳೆಯುವ ಕೃಷ್ಣಾ ಕಣಿವೆ ತಳಿಯ ಎತ್ತುಗಳು, ಒಣಗುಡ್ಡಗಳಲ್ಲಿ ಮೇದು ಬೆಳೆದ ದಖ್ಖನಿ ಕುರಿಗಳು, ಹಾಲಿನ ಎಮ್ಮೆಗಳು ಒಂದೇ ಬಯಲಿನಲ್ಲಿ ಸೇರುವ ಜಾನುವಾರು ಪ್ರದರ್ಶನದಲ್ಲಿ ನೋಡುವವರ ಕಣ್ಣು ಮೊದಲು ಬೀಳುವುದು ಮೈಕಟ್ಟಿನ ಮೇಲೆ. ಆ ಮೈಕಟ್ಟು ಗೋದಲಿಗೆ ಬಿದ್ದ ಕಣಿಕೆ, ಹಿಂಡಿ, ಹತ್ತಿಕಾಳುಗಳಿಂದಷ್ಟೇ ಆಗುವುದಲ್ಲ. ಎಷ್ಟು ತಿನ್ನಬೇಕು, ಯಾವಾಗ ಸಾಕೆನ್ನಬೇಕು, ತಿಂದದ್ದರಲ್ಲಿ ಎಷ್ಟನ್ನು ಕೊಬ್ಬಾಗಿ ಕೂಡಿಡಬೇಕು ಎಂಬ ಲೆಕ್ಕವನ್ನು ಇಡುವ ಅಂಗ ದನದ ತಲೆಯೊಳಗಿದೆ.

ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲ್ಗಡೆ ಇರುವ ಆ ಚಿಕ್ಕ ಭಾಗಕ್ಕೆ ಹೈಪೋಥಲಾಮಸ್ ಎಂದು ಹೆಸರು. ಭಾರತದ ಶರೀರಕ್ರಿಯಾ ವಿಜ್ಞಾನಿ ಬಿ.ಕೆ. ಆನಂದ್ ಅವರು ಅಮೆರಿಕದ ಜಾನ್ ಬ್ರೋಬೆಕ್ ಅವರೊಡನೆ 1951ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ದೊಡ್ಡ ಹೆಜ್ಜೆ: ಹೈಪೋಥಲಾಮಸಿನ ಎರಡೂ ಪಕ್ಕದ ಒಂದು ಸಣ್ಣ ಭಾಗ ನಾಶವಾದರೆ ಇಲಿಯು ಎದುರಿಗೆ ಆಹಾರವಿದ್ದರೂ ಮುಟ್ಟದೆ ಉಪವಾಸ ಸಾಯುತ್ತದೆ ಎಂದು ಅವರು ತೋರಿಸಿದರು. ಹೊಟ್ಟೆ ಖಾಲಿಯಿದ್ದಮಾತ್ರಕ್ಕೆ ಹಸಿವು ಹುಟ್ಟುವುದಿಲ್ಲ, ಮಿದುಳು ಅದನ್ನು ಹುಟ್ಟಿಸಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಹೈಪೋಥಲಾಮಸಿನ ಒಂದು ಗುಂಪಿನ ನರಕೋಶಗಳು ತಿನ್ನಲು ಪ್ರೇರೇಪಿಸಿದರೆ ಅವುಗಳ ಪಕ್ಕದ ಇನ್ನೊಂದು ಗುಂಪು ತಡೆಯುತ್ತದೆ. ಪ್ರೇರೇಪಿಸುವ ಕೋಶಗಳು ಬಳಸುವ ನ್ಯೂರೋಪೆಪ್ಟೈಡ್ ವೈ ಎಂಬ ದ್ರವ್ಯವನ್ನು ವಿಜ್ಞಾನಿಗಳು 1982ರಲ್ಲಿ ಮೊದಲು ಬೇರ್ಪಡಿಸಿದ್ದು ಹಂದಿಯ ಮಿದುಳಿನಿಂದ. ಅದನ್ನು ಕುರಿಯ ಮಿದುಳಿಗೆ ಸೇರಿಸಿದಾಗ ಕುರಿ ಹೆಚ್ಚು ಮೇವು ತಿನ್ನುತ್ತದೆ. ಈ ಕೋಶಗಳಿಗೆ ಸುದ್ದಿ ಮುಟ್ಟಿಸುವವು ಹಾರ್ಮೋನುಗಳು, ಅಂದರೆ ಒಂದು ಅಂಗದಲ್ಲಿ ಹುಟ್ಟಿ ರಕ್ತದೊಡನೆ ಹರಿದು ಇನ್ನೊಂದು ಅಂಗಕ್ಕೆ ಸಂದೇಶ ಒಯ್ಯುವ ದ್ರವ್ಯಗಳು. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್, 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಗುರುತಿಸಿದ ಹಾರ್ಮೋನು, ಕೂಡಿಟ್ಟ ಕೊಬ್ಬು ಎಷ್ಟಿದೆ ಎಂದು ತಿಳಿಸಿ ಹಸಿವನ್ನು ತಗ್ಗಿಸುತ್ತದೆ. ಜಪಾನಿನ ಸಂಶೋಧಕರು 1999ರಲ್ಲಿ ಇಲಿಯ ಜಠರದಲ್ಲಿ ಕಂಡ ಗ್ರೆಲಿನ್ ಅದನ್ನು ಕೆರಳಿಸುತ್ತದೆ.

ಹೊತ್ತಿಗೆ ಸರಿಯಾಗಿ ಮೇವು ಹಾಕುವ ರೂಢಿಯ ಬೆಲೆಯನ್ನು ಗ್ರೆಲಿನ್ ತೋರಿಸಿಕೊಟ್ಟಿದೆ. ದಿನವೂ ಗೊತ್ತಾದ ವೇಳೆಗೆ ಮೇವು ಪಡೆಯುವ ಕುರಿಗಳ ರಕ್ತದಲ್ಲಿ, ಮೇವು ಬರುವುದಕ್ಕೆ ಸ್ವಲ್ಪ ಮೊದಲೇ, ಈ ಹಾರ್ಮೋನು ಏರುತ್ತದೆ. ಸಂಜೆ ಬಣವೆಯತ್ತ ಹೆಜ್ಜೆ ಸದ್ದಾದ ಕೂಡಲೇ ಕಿವಿ ನಿಮಿರಿಸಿ ಗೋದಲಿಗೆ ಮೂತಿ ಚಾಚುವ ಎತ್ತಿನ ದೇಹವೂ ಬರಲಿರುವ ಮೇವಿಗೆ ಮೊದಲೇ ಸಿದ್ಧವಾಗಿರುವುದನ್ನು ಇದರ ಬೆಳಕಿನಲ್ಲಿ ತಿಳಿಯಬಹುದು.

ಹೆಚ್ಚು ಕಾಳಜಿ ಬೇಡುವುದು ಈದ ಹಸು. ಹಾಲು ಏರಿದಷ್ಟು ಬೇಗ ತಿನ್ನುವ ಪ್ರಮಾಣ ಏರದೆ, ಅದು ತನ್ನ ಮೈಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ, ಲೆಪ್ಟಿನ್ ಇಳಿಯುತ್ತದೆ. ಕೊಬ್ಬಿನ ಸುದ್ದಿ ಹೀಗೆ ಕ್ಷೀಣಿಸಿದಾಗ ಹೈಪೋಥಲಾಮಸ್ ಬೆದೆಗೆ ಬೇಕಾದ ಹಾರ್ಮೋನುಗಳ ಮಿಡಿತವನ್ನೂ ತಗ್ಗಿಸುತ್ತದೆ, ಏಕೆಂದರೆ ಮೈಯಲ್ಲಿ ಉಳಿತಾಯವಿಲ್ಲದ ಹೊತ್ತಿನಲ್ಲಿ ಇನ್ನೊಂದು ಗರ್ಭವನ್ನು ಹೊರುವುದು ತಾಯಿಯ ಜೀವಕ್ಕೇ ಭಾರ. ಬರದ ವರ್ಷ ಒಣ ಕಣಿಕೆಯಲ್ಲೇ ಬೆಳೆದ ಮಣಕ ತಡವಾಗಿ ಬೆದೆಗೆ ಬಂದರೆ ಅದನ್ನು ಗೊಡ್ಡೆಂದು ಸಂತೆಗೆ ಹೊಡೆಯುವುದು ಅನ್ಯಾಯ. ಅನೇಕ ವೇಳೆ ಅದಕ್ಕೆ ಬೇಕಾಗಿರುವುದು ಹೊಟ್ಟೆ ತುಂಬ ಒಳ್ಳೆಯ ಮೇವು ಮತ್ತು ಒಂದಿಷ್ಟು ಕಾಲ.

ಬೇಸಿಗೆಯಲ್ಲಿ ದನ ಮೇವು ಕಡಿಮೆ ತಿನ್ನುವುದಕ್ಕೆ ಕಾರಣ ಬೇರೆ. ಮೊದಲ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಶಾಖಕ್ಕೆ ಹೊರಗಿನ ಉರಿಯೂ ಕೂಡಿದಾಗ, ದೇಹದ ಉಷ್ಣತೆಯನ್ನೂ ಕಾಯುವ ಹೈಪೋಥಲಾಮಸ್ ಹಸಿವನ್ನು ಇಳಿಸುತ್ತದೆ. ನೆರಳು, ತಣ್ಣೀರು, ತಂಪು ಹೊತ್ತಿನ ಮೇವು ಇವೇ ಅದಕ್ಕೆ ಉಪಚಾರ.

ತೀರ್ಪುಗಾರರು ಇನ್ನು ಸ್ವಲ್ಪ ಹೊತ್ತಿನಲ್ಲಿ ದನಗಳ ಕೊನೆಯ ಪಕ್ಕೆಲುಬಿನ ಮೇಲೆ, ಬಾಲದ ಬುಡದಲ್ಲಿ ಅಂಗೈ ಒತ್ತಿ ನೋಡಲಿದ್ದಾರೆ. ಅವರ ಬೆರಳಿಗೆ ತಗಲುವ ತೆಳುಗೊಬ್ಬು ಮಿದುಳಿಗೆ ದಿನವೂ ಸುದ್ದಿ ಕಳುಹಿಸುವ ಕೊಬ್ಬೇ ಆಗಿರುವುದರಿಂದ, ಈದ ಹಸುವನ್ನು ಅಳೆಯುವಾಗ ಅದು ಈದು ಎಷ್ಟು ದಿನವಾಯಿತೆಂಬುದನ್ನೂ ಒಡೆಯರನ್ನು ಕೇಳಿ ಬರೆದುಕೊಳ್ಳಬೇಕೆಂದು ಅವರಲ್ಲಿ ವಿನಂತಿ. ಜಾನುವಾರು ಪ್ರದರ್ಶನವು ಈ ಮಾತುಗಳೊಂದಿಗೆ ಉದ್ಘಾಟನೆಗೊಂಡಿದೆ.